ಅಮ್ಮನ ಧಾರಾವಾಹಿಯ ಕೊನೆಯ ಹತ್ತು ನಿಮಿಷ

ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದಿರುತ್ತದೆ. ನಮ್ಮದೊಂದೇ ಅಲ್ಲ, ನಮ್ಮೂರಿನಲ್ಲಿ ಹೊಸೂರಿನ ಕಾರ್ಖಾನೆಗಳಿಗೆ ಹೋಗುವವರಿರುವ ಮನೆಗಳಲ್ಲೆಲ್ಲ ಹಾಗೆಯೇ. ಕಂಪನಿ ಬಸ್ಸು ಯಾರಿಗೂ ಕಾಯುವುದಿಲ್ಲ. ಅದಕ್ಕೆ ನಮಗೆ ನಾವೇ ದಿನಾ ಬೆಳಿಗ್ಗೆ ಒಂದು ಸುಳ್ಳು ಹೇಳಿಕೊಂಡು, ಅದನ್ನು ನಂಬಿ ಓಡುತ್ತೇವೆ. ಬಸ್ಸು ಹತ್ತಿ ಕೂತ ಮೇಲೆ ಗಡಿಯಾರದ ಸುಳ್ಳು ಮರೆತೇ ಹೋಗುತ್ತದೆ. ನನ್ನ ಮಾನ ಕಳೆದದ್ದು ಆ ಮರೆವೇ.

ಕೇಬಲ್ ಕೀಳಿಸಿದವನು ನಾನು. ಅದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ, ಸಿಟ್ಟಿತ್ತು. ನಮ್ಮ ಕೇಬಲ್‌ನವನು ಬಿಲ್ಲಿಗೆ ತಪ್ಪದೆ ಬರುತ್ತಿದ್ದ. ಲೈನು ಹೋದಾಗ ಮಾತ್ರ ತಪ್ಪನ್ನು ಸಾನಮಾವು ಕಾಡಿನ ಆನೆಗಳ ಮೇಲೆ ಹಾಕುತ್ತಿದ್ದ. ಆನೆಗಳು ಆಂಧ್ರದ ಕಡೆ ಹೋಗಿದ್ದ ತಿಂಗಳಲ್ಲೂ ನಮ್ಮ ವೈರನ್ನೇ ಬಂದು ತುಳಿಯುತ್ತಿದ್ದವು. ಗಡಿಯಾಚೆ ತಮಿಳುನಾಡಿಗೆ ಸೇರಿದ ಊರು ನಮ್ಮದು, ಅವನು ಕೊಡುತ್ತಿದ್ದ ರಾಶಿ ಚಾನೆಲ್‌ಗಳಲ್ಲಿ ಕನ್ನಡದವು ಊಟದೆಲೆಯ ಉಪ್ಪಿನಕಾಯಿಯಷ್ಟು. ಒಂದು ಭಾನುವಾರ ಕರೆಸಿ, ಕಿತ್ತುಕೊಂಡು ಹೋಗು ಮಾರಾಯ ಎಂದೆ. "ತಿರುಂಬಿ ವರುವೀಂಗ ಸಾರ್" ಎಂದ, ಮತ್ತೆ ನನ್ನ ಹತ್ತಿರವೇ ಬರುತ್ತೀರಿ ಎಂದು. ವೈರನ್ನು ಮನೆ ಮುಂದಿನ ಹುಣಸೆ ಮರಕ್ಕೇ ಸುತ್ತಿ ಬಿಟ್ಟು ಹೋದ, ಹಿಂದಿರುಗಿ ಬರುವವನು ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

ಕೆಲಮಂಗಲದ ಅಂಗಡಿಯಿಂದ ಡಿಶ್ಶು ತಂದು ಮಾಳಿಗೆ ಮೇಲೆ ನಿಲ್ಲಿಸಿದೆ. ತಿಂಗಳ ಬಾಡಿಗೆ ಇಲ್ಲದ ಡಿಶ್ಶು. ಪೆನ್‌ಡ್ರೈವ್ ಚುಚ್ಚಿದರೆ ಕಾರ್ಯಕ್ರಮವನ್ನು ತಾನೇ ರೆಕಾರ್ಡ್ ಮಾಡಿಕೊಳ್ಳುವ ಪೆಟ್ಟಿಗೆ. ನಾನು ಕಂಪನಿಯಲ್ಲಿ ಮೆಷೀನು ರಿಪೇರಿ ಮಾಡುವವನು. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಓದುವುದು ನಮ್ಮಂಥವರಿಗೆ ಅವಮಾನ. ಗೋಡೆಯ ಕಡೆ ಕತ್ತೆತ್ತಿ ನೋಡಿ ಪೆಟ್ಟಿಗೆಗೆ ಟೈಮು ಹೊಂದಿಸಿದೆ. ಸಂಜೆ ಆರರಿಂದ ಆರೂವರೆ, ದಿನಾ ರೆಕಾರ್ಡು ಎಂದು ಹೇಳಿಟ್ಟೆ. ಆಮೇಲೆ ಒಂದು ವಾರ ಕಂಪನಿ ಕ್ಯಾಂಟೀನಿನಲ್ಲಿ ಇದೇ ಭಾಷಣ. ಕೇಬಲ್‌ನವರ ಗುಲಾಮಗಿರಿಯಿಂದ ಜನ ಬಿಡುಗಡೆಯಾಗಬೇಕು ಎನ್ನುವಷ್ಟು ದೂರ ಹೋಗಿದ್ದೆ.

ಆರರಿಂದ ಆರೂವರೆ ಅಮ್ಮನ ಧಾರಾವಾಹಿ. ಅದೇ ಹೊತ್ತಿಗೆ ಹಸು ಕರೆದು ಡೈರಿಗೆ ಹಾಲು ಹಾಕಬೇಕು. ಕೇಬಲ್ ಇದ್ದಾಗ ಮಾರನೆಯ ಮಧ್ಯಾಹ್ನ ಮರುಪ್ರಸಾರ ನೋಡುತ್ತಿದ್ದಳು. ಈಗ ರೆಕಾರ್ಡು ಮಾಡಿದ್ದನ್ನು ಹಸುವಿನ ಕೆಲಸ ಮುಗಿಸಿ ಒಬ್ಬಳೇ ಕೂತು ನೋಡತೊಡಗಿದಳು. ನಾನು ಪಕ್ಕದಲ್ಲಿ ಕೂತವನಲ್ಲ. ಪಟ್ಟೆಸೀರೆ ಉಟ್ಟುಕೊಂಡೇ ಮಲಗುವ ಹೆಂಗಸರು, ವಿಷ ಹಾಕಿದ ಹಾಲಿನ ಲೋಟ ಬಾಯಿಗೆ ತಲುಪಲು ಮೂರು ವಾರ, ಒಬ್ಬರು ಕೆಮ್ಮಿದರೆ ಎಲ್ಲರ ಮುಖವನ್ನೂ ಮೂರು ಮೂರು ಸಲ ತೋರಿಸುವುದು: ಅದನ್ನು ನೋಡಲು ನನಗೆ ಎಲ್ಲಿಯ ಪುರಸೊತ್ತು? ಫೋನಿನಲ್ಲಿ ಯಾರೋ ಜೆಸಿಬಿಯಲ್ಲಿ ಕೆರೆ ತೋಡುವುದನ್ನು ನೋಡುವುದಿರುತ್ತಿತ್ತು.

ಶುರುವಿನಲ್ಲಿ ಒಂದು ದಿನ ಅಮ್ಮ ಅಂದಳು, "ಕೊನೇದು ಬರಾಕಿಲ್ಲ ಕಣ್ಲಾ. ಮೊದ್ಲು ಯಾರೋ ಗೊಬ್ಬರದ ವಿಚಾರ ಮಾತಾಡ್ತಾರೆ, ಕೊನೇಗೆ ಲೋಟ ಎತ್ತೋ ಹೊತ್ಗೆ ನಿಂತೋಯ್ತದೆ."

ನಾನು ಫೋನಿನಿಂದ ತಲೆ ಎತ್ತಲಿಲ್ಲ. "ಬಿಟ್ಟಿ ಬರೋದು ಇಷ್ಟೇ ಕಣಮ್ಮೋ" ಎಂದೆ. ಅವಳು ಮತ್ತೆ ಕೇಳಲಿಲ್ಲ. ಕೇಳದ ಮೇಲೆ ಎಲ್ಲ ಸರಿಹೋಗಿದೆ ಎಂದುಕೊಂಡೆ. ಮೆಷೀನು ಕೂಡ ಸದ್ದು ಮಾಡದಿದ್ದರೆ ನಾವು ನೋಡುವುದಿಲ್ಲ.

ಕಂಪನಿಗೆ ಆರ್ಡರ್ ಇಲ್ಲವೆಂದು ಒಮ್ಮೆ ನಾಲ್ಕು ದಿನ ರಜೆ ಕೊಟ್ಟರು. ಅಮ್ಮನ ಮಂಡಿ ಊದಿಕೊಂಡಿತ್ತು. ಬೆಳಿಗ್ಗೆ ಬೈಕಿನಲ್ಲಿ ಕೂರಿಸಿಕೊಂಡು ಡೈರಿಗೆ ಹೋದೆ. ಅವಳನ್ನು ಇಳಿಸಿ, ಬೇವಿನ ಮರದ ಹಿಂದೆ ಬೈಕು ನಿಲ್ಲಿಸಿಕೊಂಡು ಕಾದೆ. ಹಾಲಿನ ಸಾಲು ಮುಂದೆ ಹೋಗುತ್ತಲೇ ಇರಲಿಲ್ಲ. ಹಾಲು ಅಳೆಯುವವನೂ ಅಳತೆ ನಿಲ್ಲಿಸಿ ಕಿವಿ ಕೊಟ್ಟಿದ್ದ. ಸಾಲಿನ ನಡುವೆ ನಮ್ಮಮ್ಮ ಕ್ಯಾನಿನ ಮೇಲೆ ಕೈಯೂರಿಕೊಂಡು ನಿನ್ನೆಯ ಧಾರಾವಾಹಿ ಹೇಳುತ್ತಿದ್ದಳು.

ಇದು ಎಷ್ಟೋ ವರ್ಷದ ಪದ್ಧತಿಯಂತೆ. ನನಗೇ ಗೊತ್ತಿರಲಿಲ್ಲ. ಉಳಿದ ಮನೆಗಳಲ್ಲಿ ನೋಡುವುದು ತಮಿಳಿನವು, ತೆಲುಗಿನವು. ಕನ್ನಡದ ಕತೆ ಸಿಗುವುದು ಅಮ್ಮನ ಬಾಯಲ್ಲಿ ಮಾತ್ರ. ಅವಳು ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಅಳಿಸಿ, ತಮಿಳಿನಲ್ಲಿ ಬೈದು, ಮತ್ತೆ ಕನ್ನಡಕ್ಕೆ ಬರುತ್ತಿದ್ದಳು. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಹೆಂಗಸು. ನಾವು ಯಾರೂ ಕೇಳದಿದ್ದರೆ ಎಲ್ಲಿಂದ ಆಡಿಯಾಳು? ಊರಿನಲ್ಲಿ ಅವಳಿಗಿದ್ದ ಜಾಗ ಆ ಸಾಲು. ಕತೆಗೆ ಕೊನೆಯಿಲ್ಲ ಎಂದರೆ ಆ ಜಾಗವೂ ಇಲ್ಲ.

"ತರ್ವಾತ ಏಮಾಯಕ್ಕಾ?" ಎಂದಳು ತೆಲುಗಿನ ಮನೆಯವಳು, ಮುಂದೇನಾಯಿತು ಎಂದು.

"ಆಗೋದೇನು? ಆ ಮಗ ಅನ್ನಿಸ್ಕಂಡೋನು ಮನೇಗೆ ಬರ್ತಿದ್ದ ವೈರ್ನೇ ಕತ್ತರಿಸಾಕ್ಬುಟ್ಟ. ಅವ್ರಮ್ಮ, ಕೊನೇದು ಬರಾಕಿಲ್ಲ ಕಣಪ್ಪ, ಅಂದ್ಲು. ಅವ್ನು ತಲೆ ಎತ್ತಿ ನೋಡ್ಲಿಲ್ಲ. ಬಿಟ್ಟಿ ಬರೋದು ಇಷ್ಟೇ ಅಂದ್ಬುಟ್ಟ."

"ನಾಸಮಾ ಪೋಗ!" ಎಂದಿತು ತಮಿಳು. "ವಾಡಿ ನೋಟ್ಲೋ ಮನ್ನು ಪಡ" ಎಂದಿತು ತೆಲುಗು, ಅವನ ಬಾಯಿಗೆ ಮಣ್ಣು ಬೀಳಲಿ ಎಂದು. ನಮ್ಮ ಬೀದಿಯವಳೇ ಒಬ್ಬಳು, "ಅವನ ಕೈ ಸೇದೋಗ" ಎಂದು ನೆಟಿಕೆ ಮುರಿದಳು. ಮೂರು ಭಾಷೆಯಲ್ಲಿ ಶಾಪ ತಿನ್ನುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ, ಗಡಿಯಲ್ಲಿ ಹುಟ್ಟಿರಬೇಕು. ನಾನು ಬೇವಿನ ಮರದ ಹಿಂದೆ ಇನ್ನಷ್ಟು ಸರಿದೆ. ನಾಚಿಕೆಯಾಯಿತು.

"ಅಪ್ಪುರಂ ಎನ್ನ ಆಚ್ಚು? ಅವ್ನು ಏನಾದ?" ಎಂದಳು ತಮಿಳಿನ ಮನೆಯವಳು.

"ನಾಳೆ ಗೊತ್ತಾಯ್ತದೆ" ಎಂದು ಅಮ್ಮ ಹಾಲು ಸುರಿದಳು.

ಮನೆಗೆ ಬಂದು ಪೆನ್‌ಡ್ರೈವಿನಲ್ಲಿದ್ದುದನ್ನು ಮೊದಲಿನಿಂದ ನೋಡಿದೆ. ಹತ್ತು ನಿಮಿಷ ಗೊಬ್ಬರ. ಆಮೇಲೆ ಧಾರಾವಾಹಿ. ಪಟ್ಟೆಸೀರೆಯವಳು ಲೋಟ ಎತ್ತಿದಳು, ನಿಂತಿತು. ಎಲ್ಲ ದಿನಗಳೂ ಹಾಗೆಯೇ. ಅದರಲ್ಲಿ ವೈರು ಕತ್ತರಿಸುವ ಮಗ ಎಲ್ಲೂ ಇರಲಿಲ್ಲ. ತಲೆಯೆತ್ತಿ ಗೋಡೆ ಗಡಿಯಾರ ನೋಡಿದೆ. ಕಂಪನಿ ಬಸ್ಸಿಗೆಂದು ನಾನು ಹೇಳಿಕೊಂಡ ಸುಳ್ಳನ್ನು ಪೆಟ್ಟಿಗೆಗೂ ಕಲಿಸಿದ್ದೆ. ಅದು ನನ್ನಂತೆಯೇ ಹತ್ತು ನಿಮಿಷ ಮೊದಲೇ ಎದ್ದು, ಹತ್ತು ನಿಮಿಷ ಮೊದಲೇ ಕೈತೊಳೆದುಕೊಂಡು ಹೋಗುತ್ತಿತ್ತು. ಇಷ್ಟು ದಿನ ಆ ಹತ್ತು ನಿಮಿಷವನ್ನು ಅಮ್ಮ ಕೈಯಿಂದ ಹಾಕಿ ತುಂಬುತ್ತಿದ್ದಳು.

ಟೈಮು ಸರಿಮಾಡಿದೆ. ಆ ಸಂಜೆ ಅಮ್ಮ ಟಿವಿ ಮುಂದೆ ಕೂತಾಗ ನಾನೂ ಹೋಗಿ ಚಾಪೆಯ ಮೇಲೆ ಕೂತೆ. ಅವಳು ನನ್ನನ್ನು ನೋಡಿದಳು, ಟಿವಿಯನ್ನು ನೋಡಿದಳು. ಧಾರಾವಾಹಿ ಪೂರ್ತಿ ಬಂತು. ಪಟ್ಟೆಸೀರೆಯವಳು ಲೋಟ ಎತ್ತಿದಳು, ಎಲ್ಲರ ಮುಖ ಬಂತು, ಲೋಟ ಕೆಳಗಿಟ್ಟಳು. ಮುಗಿಯಿತು.

"ಇಷ್ಟೇನಾ?" ಎಂದಳು ಅಮ್ಮ. ಅವಳ ಮುಖದಲ್ಲಿ ಅಂಥ ತಾತ್ಸಾರವನ್ನು ನಾನು ಹಿಂದೆ ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಕರೆಯದಿದ್ದರೂ ಬೈಕು ತೆಗೆದೆ. ಬೇವಿನ ಮರದ ಹಿಂದೆ ನಿಂತೆ. ಇಂದು ಲೋಟದ ಕತೆ ಹೇಳುತ್ತಾಳೋ, ಮಗನದೋ ಎಂದು ಕಿವಿ ನಿಮಿರಿಸಿಕೊಂಡೆ.

"ಆ ಮಗ ಬಂದು ಅವ್ರಮ್ಮನ ಪಕ್ದಾಗೆ ಕೂತ್ಕಂಡ" ಎಂದಳು ಅಮ್ಮ. "ಮುಗಿಯೋಗಂಟ ಏಳ್ಲಿಲ್ಲ. ಫೋನು ಮುಟ್ಲಿಲ್ಲ."

ನಮ್ಮ ಬೀದಿಯವಳು, "ಹೋಗಕ್ಕ, ಕತೆ ಕೆಡಿಸ್ಬುಟ್ರು. ಅಂಥ ಮಗ ಒಂದೇ ರಾತ್ರೀಲಿ ಹಂಗಾಯ್ತಾನಾ? ಯಾರು ನಂಬ್ತಾರೆ?" ಎಂದಳು. ಉಳಿದಿಬ್ಬರೂ ಹೌದೆಂದರು. ಹಾಲು ಅಳೆಯುವವನೂ ತಲೆಯಾಡಿಸಿ ಕೆಲಸಕ್ಕೆ ಹೊರಳಿದ.

ಅಮ್ಮ ಖಾಲಿ ಕ್ಯಾನು ಹಿಡಿದು ಬಂದು ಬೈಕು ಹತ್ತಿದಳು. ಊರ ಕೆರೆ ದಾಟಿದ ಮೇಲೆ ಬೆನ್ನ ಹಿಂದಿನಿಂದ ಕೇಳಿದಳು.

"ಇವತ್ತೂ ಕೂತ್ಕಂತೀಯಾ?"

ನಾನು ಗೇರು ಬದಲಿಸುವಷ್ಟರಲ್ಲಿ ಅವಳೇ ಅಂದಳು, "ಇಲ್ಲ ಅಂದ್ರೆ ಈಗ್ಲೇ ಹೇಳ್ಬುಡ್ಲಾ. ನಾಳೇಗೆ ಕತೆ ಬದ್ಲಾಯಿಸ್ಕಬೇಕು."