ನಿಂತಲ್ಲಿ ನಿಲ್ಲದ ಪದ್ಮಾ

ಬಸ್ಸಿನಲ್ಲಿ ಸೀಟು ಸಿಕ್ಕರೂ ಪದ್ಮಾ ಕೂರುತ್ತಿರಲಿಲ್ಲ. ಬಾಗಿಲ ಬಳಿ ಕಂಬ ಹಿಡಿದು ನಿಂತು, ಬಸ್ಸು ನಿಂತಲ್ಲೆಲ್ಲ ಇಳಿದು ಮತ್ತೆ ಹತ್ತುವಳು. ಅವಳು ಶೇಡಬಾಳದ ಜೈನರ ಹುಡುಗಿ, ನಾನು ಹಾರೂಗೇರಿಯವಳು. ಚಿಕ್ಕೋಡಿಯಲ್ಲಿ ಒಂದೇ ಬಾಡಿಗೆ ಖೋಲಿಯಲ್ಲಿದ್ದು ಡಿಗ್ರಿ ಓದಿದೆವು. ಪುಸ್ತಕವನ್ನೂ ಅವಳು ಅಡ್ಡಾಡುತ್ತಲೇ ಓದುವಳು.

"ಕುಂದರ ಬೇ, ನಿನ್ನ ನೋಡಿ ನನಗ ತಲಿ ತಿರಗತೈತಿ" ಎಂದರೆ, "ಕುಂತ್ರ ಎದಿ ಸಪ್ಪಳ ಕೇಳತೈತಿ" ಎನ್ನುವಳು.

ಖೊಖೊ ಆಡುವಾಗ ಎಚ್ಚರ ತಪ್ಪಿ ಬಿದ್ದ ಮೇಲೆಯೇ ಅವಳ ಎದೆಯ ದೋಷ ಗೊತ್ತಾದದ್ದು. ಹೃದಯಕ್ಕೆ ರಕ್ತ ಕೊಡುವ ನಾಳವೊಂದು ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಮೂಡಿ, ಎರಡು ದೊಡ್ಡ ನಾಳಗಳ ನಡುವೆ ಸಿಕ್ಕಿಕೊಂಡಿತ್ತು. ಓಡಬಾರದು, ಆಪರೇಷನ್ ಮಾಡಿಸಬೇಕು ಎಂದರು ಮಿರಜಿನ ಡಾಕ್ಟರು. ಅವಳ ಅವ್ವ ಒಪ್ಪಲಿಲ್ಲ. "ಎದಿ ಮ್ಯಾಲ ಹೊಲಿಗಿ ಕಲಿ ಬಿದ್ದ ಹುಡುಗೀನ ಯಾರ ಮಾಡ್ಕೋತಾರ? ಮೊದಲ ಲಗ್ನ ಆಗ್ಲಿ."

ಕಾಗವಾಡದಿಂದ ಕನ್ಯಾ ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಅವಲಕ್ಕಿ ತಟ್ಟೆ ಇಟ್ಟವಳೇ ಪದ್ಮಾ, "ನನ್ನ ಹೃದಯದಾಗ ಒಂದ ನರ ತಪ್ಪಿ ಐತ್ರಿ. ಆಪರೇಷನ್ ಆಗಬೇಕು. ಮುಚ್ಚಿಟ್ಟ ಲಗ್ನ ಆಗಂಗಿಲ್ಲ ನಾ" ಎಂದುಬಿಟ್ಟಳು. ಹುಡುಗನ ತಾಯಿ ತಟ್ಟೆ ಮುಟ್ಟದೆ ಎದ್ದರು.

"ಮನಿತನದ ಮರ್ಯಾದಿ ಕಳದಿ!" ಎಂದು ಅವ್ವ ಹಣೆ ಬಡಿದುಕೊಂಡರು. ಪದ್ಮಾ ಮಾಳಿಗೆ ಹತ್ತಿ ಅತ್ತಿತ್ತ ನಡೆದಳು. ಹಿಂದೆ ಹೋದ ನನ್ನ ಕೈಯನ್ನು ಎಳೆದು ಎದೆಗೆ ಒತ್ತಿಕೊಂಡಳು. "ನೋಡ, ಹೆಂಗ ಬಡ್ಕೊಳ್ಳಾಕತ್ತೈತಿ. ನನಗ ಭಾಳ ಅಂಜಿಕಿ ಬರತೈತಿ. ಯಾರಿಗೂ ಹೇಳಿಲ್ಲ." ಅವಳ ಅಡ್ಡಾಟವೆಲ್ಲ ಭಯವೆಂದು ಆಗ ತಿಳಿಯಿತು. ಇಳಿದು ಬಂದು ಅವ್ವನಿಗೆ, "ಲಗ್ನ ಆಮ್ಯಾಲ. ಮೊದಲ ಆಪರೇಷನ್" ಎಂದಳು.

ಮಿರಜಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಹೋಗುವ ಮುನ್ನ ನನ್ನನ್ನು ಕರೆದಳು. "ಹೊತ್ತ ಮುಳಗೂದ್ರಾಗ ಅವ್ವನ ಉಣಸು. ಆಮ್ಯಾಲ ನಮ್ಮ ಜೈನರಾಗ ಉಣ್ಣಂಗಿಲ್ಲ, ಆಕಿ ನೀರೂ ಮುಟ್ಟಂಗಿಲ್ಲ."

ಬಿಸಿಲು ಇಳಿಯಿತು, ಬಾಗಿಲು ತೆರೆಯಲಿಲ್ಲ. ನಾನು ಡಬ್ಬಿ ಬಿಚ್ಚಿ ಅವಳ ಅವ್ವನ ಮುಂದಿಟ್ಟೆ. "ಕಾಕು, ಪದ್ಮಾನ ಹೇಳ್ಯಾಳ್ರಿ."

"ನಾನ ತಡಾ ಮಾಡಿದ್ನವಾ. ಹೆಂಗ ನುಂಗ್ಲಿ?" ಎನ್ನುತ್ತಲೇ ಅವ್ವ ಅರ್ಧ ಚಪಾತಿ ತಿಂದರು. ಡಾಕ್ಟರು ಬಂದು ಎಲ್ಲ ಸರಿಯಾಯಿತು ಎಂದಾಗ ಹೊರಗೆ ಕತ್ತಲಾಗಿತ್ತು.

ಅವಳನ್ನು ಕಡೆಯ ಸಲ ಕಂಡದ್ದು ಶೇಡಬಾಳ ಸ್ಟೇಷನ್ನಿನಲ್ಲಿ. ಸಾಂಗಲಿಯಲ್ಲಿ ಕೆಲಸ ಸಿಕ್ಕಿ ಹೊರಟಿದ್ದಳು. ಮತ್ತೊಂದು ಮನೆಯವರು ನೋಡಿಹೋಗಿದ್ದರಂತೆ.

"ಈ ಸಲ ಅವ್ವ ತಾನ ಎಲ್ಲಾ ಹೇಳಿದ್ಲು, ಅವರು ಚಾ ಕುಡಿಯೂ ಮೊದಲ."

"ಎದ್ದ ಹೋದ್ರೇನ?"

"ಇಲ್ಲ. ವಿಚಾರ ಮಾಡಾಕತ್ತಾರಂತ." ಗಾಡಿ ಬಂತು. ಚೀಲ ಹೆಗಲಿಗೇರಿಸಿ ನಕ್ಕಳು. "ಮಾಡ್ಲಿ. ನಾನೂ ಮಾಡಾಕತ್ತೀನಿ."