ಬನ್ನೂರಿನವರು ನೋಡಲು ಬಂದ ಹುಡುಗಿ ನಾನಲ್ಲ

ಅವಸರದಲ್ಲಿ ಬರೆಯುತ್ತಿದ್ದೇನೆ ಕಣ್ರಪ್ಪಾ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ನಂಜನಗೂಡಿನ ನಮ್ಮ ಮನೆ ಮುಂದೆ ಒಂದು ಕಾರು ನಿಂತಿತು. ಹೂವು, ಹಣ್ಣು ಹಿಡಿದುಕೊಂಡು ಐದು ಜನ ಇಳಿದರು. ಬನ್ನೂರಿನವರಂತೆ, ನನ್ನನ್ನು ನೋಡಲು ಬಂದಿದ್ದಾರಂತೆ. ಅವರು ಯಾರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ!

"ಭಾನುವಾರ ಬನ್ನಿ, ಅಪ್ಪ ಮನೇಲಿರ್ತಾರೆ ಅಂದಿದ್ದು ನೀವೇ ತಾನೆ?" ಎಂದು ಹುಡುಗ ಮೊಬೈಲ್ ತೋರಿಸಿದ. ಎರಡು ತಿಂಗಳ ಮೆಸೇಜುಗಳು. ನನ್ನ ಫೋಟೊ, ನನ್ನ ಹೆಸರು, ನನ್ನ ನಕ್ಷತ್ರ, ಅಮ್ಮನ ತವರು ಹೆಮ್ಮರಗಾಲ ಎಂಬುದೂ ಅದರಲ್ಲಿದೆ. ನಂಬರ್ ಮಾತ್ರ ನನ್ನದಲ್ಲ.

"ಅದು ನಾನಲ್ಲ ಕಣ್ರೀ," ಎಂದೆ.

ಹುಡುಗನ ತಾಯಿ ನನ್ನನ್ನೇ ದಿಟ್ಟಿಸಿದರು. "ನೆನ್ನೆನೂ ನನ್ನ ಮಂಡಿನೋವು ಎಂಗದೆ ಅಂತ ಕೇಳಿದ್ಯಲ್ಲವ್ವಾ, ಅದ್ಯಾರು ಮತ್ತೆ?"

ಯಾರೆಂದು ನನಗೂ ಗೊತ್ತಿಲ್ಲ. ಅಪ್ಪ ನನ್ನ ಬಯೋಡಾಟಾವನ್ನು ಮನೆ ವಿಳಾಸದ ಸಮೇತ ಕಂಡಕಂಡ ವಧೂವರರ ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದು ಮಾತ್ರ ಗೊತ್ತು. ಎರಡು ತಿಂಗಳು ಯಾರ ಜೊತೆ ಮಾತಾಡಿದೆನೋ ಎಂದು ಆ ಹುಡುಗ ಬೆವರುತ್ತಿದ್ದ. ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಅಪ್ಪ ಸುಮ್ಮನಿರಬೇಕಲ್ಲ? ಈಗ ಅದೇ ಗುಂಪುಗಳಿಗೆಲ್ಲ ಎಚ್ಚರಿಕೆ ಹಾಕಿದ್ದಾರೆ: "ನಮ್ಮ ಮಗಳ ಹೆಸರಲ್ಲಿ ಯಾರೋ ಮೋಸ ಮಾಡ್ತಾವ್ರೆ, ನಂಬಬೇಡಿ. ಅಸಲಿ ಹುಡುಗಿ ಇವಳು."

ಜನ ನಂಬಬೇಕಲ್ಲ ಎಂದು ಅದರ ಕೆಳಗೆ ನನ್ನ ಆಧಾರ್ ಕಾರ್ಡನ್ನೂ ಹಾಕಿದ್ದಾರೆ, ಎರಡೂ ಕಡೆ.