ಸೆವಸ್ತಿ ತನ್ನ ಹೋಟೆಲಿನಲ್ಲೇ ತಂಗಿದ ವಾರ

ನಮ್ಮ ದ್ವೀಪದಲ್ಲಿ ಮನೆ ಹೆಣ್ಣುಮಕ್ಕಳ ಪಾಲು, ದೋಣಿ ಗಂಡುಮಕ್ಕಳ ಪಾಲು. ಹಾಗಾಗಿ ಬಂದರಿನ ದಂಡೆಯ ಮೇಲಿರುವ ಆ ಹಳದಿ ಬಣ್ಣದ ಎರಡಂತಸ್ತಿನ ಮನೆ ಸೆವಸ್ತಿಗೆ ಅವಳ ತಾಯಿಯಿಂದ ಬಂತು. ಸ್ಕೇವೊಸ್ ಅವಳನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದ. ಅವನ ಪಾಲಿನ ದೋಣಿ ಅದಕ್ಕೂ ಮೊದಲೇ ಮುಳುಗಿತ್ತು. ಮದುವೆಯಾದ ಮೂರನೇ ವರ್ಷಕ್ಕೆ ಮನೆ ಆರು ಕೋಣೆಗಳ ಹೋಟೆಲಾಯಿತು, ಬಾಗಿಲ ಮೇಲೆ ‘ಹೋಟೆಲ್ ಸ್ಕೇವೊಸ್’ ಅಂತ ಬೋರ್ಡೂ ಏರಿತು. ಬೋರ್ಡು ಬರೆಯುವವನು ಬಂದು ಯಾರ ಹೆಸರು ಹಾಕಲಿ ಅಂತ ಕೇಳಿದಾಗ ಸೆವಸ್ತಿ ಹಿತ್ತಲಲ್ಲಿ ಚಾದರ ಒಗೆಯುತ್ತಿದ್ದಳು, ಸ್ಕೇವೊಸ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕಾರಣ ಅಷ್ಟೇ.

ಪಕ್ಕದ ಕಾಫಿ ಅಂಗಡಿ ನನ್ನದು. ಹೆಸರು ಯಾಕುಮಿಸ್. ಅವರ ಒಬ್ಬಳೇ ಮಗಳು ಅನೆಜೀನಾಳನ್ನು ಚರ್ಚಿನಲ್ಲಿ ಧರ್ಮತಂದೆಯಾಗಿ ನಿಂತು ನೀರಿಗೆ ಅದ್ದಿ ಹೆಸರಿಟ್ಟವನು ನಾನೇ ಆದ್ದರಿಂದ ಆ ಮನೆಯಲ್ಲಿ ನನಗೆ ಸಲಿಗೆ ಹೆಚ್ಚು. ಸುಮಾರು ನಲವತ್ತು ವರ್ಷದಿಂದ ನನ್ನ ಅಂಗಡಿಯ ಮೂಲೆಯಿಂದ ಅವರ ಸಂಸಾರ ನೋಡುತ್ತಿದ್ದೇನೆ. ನೋಡುವುದಕ್ಕೆ ಇನ್ನೇನೂ ಇಲ್ಲದ ಊರು.

ಸೆವಸ್ತಿ ಐದಕ್ಕೆ ಏಳುತ್ತಿದ್ದಳು. ಬ್ರೆಡ್ಡು, ಮೊಟ್ಟೆ, ಅಂಜೂರದ ಜಾಮು, ಆಮೇಲೆ ಕೋಣೆ ಗುಡಿಸುವುದು, ಚಾದರ ಒಗೆದು ತಾರಸಿಯ ಮೇಲೆ ಹರವುವುದು. ಹಡಗು ಬಂದರೆ ಓಡಿ ಹೋಗಿ ಅತಿಥಿಗಳನ್ನು ಕರೆತರುವುದು, ಅವರ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವುದು. ಆಗ ಸ್ಕೇವೊಸ್ ಕುರ್ಚಿಯಿಂದಲೇ ಕೂಗುತ್ತಿದ್ದ: “ನಿಧಾನ ಕಣೇ, ಮೂರನೇ ಮೆಟ್ಟಿಲು ಸಡಿಲ ಇದೆ!” ಆ ಮೆಟ್ಟಿಲು ಅನೆಜೀನಾ ಹುಟ್ಟುವ ಮೊದಲಿನಿಂದ ಸಡಿಲವಿದೆ. ಅವನು ಎಚ್ಚರಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಕೆಲಸದವರನ್ನು ಇಟ್ಟುಕೋ ಅಂತ ನಾನೇ ಎಷ್ಟೋ ಸಲ ಹೇಳಿದ್ದೆ. “ಬೇರೆಯವರು ಮಡಚಿದ ಚಾದರ ನೋಡಿದ್ರೆ ನನಗೆ ಊಟ ಸೇರಲ್ಲ ಯಾಕುಮಿ” ಅನ್ನುತ್ತಿದ್ದಳು. ತಾನಿಲ್ಲದಿದ್ದರೆ ಆ ಹೋಟೆಲು ಒಂದು ಮಧ್ಯಾಹ್ನವೂ ನಡೆಯದು ಅನ್ನುವುದು ಅವಳ ನಂಬಿಕೆ. ಅದೇ ಅವಳ ದಣಿವು, ಅದೇ ಅವಳ ಹೆಮ್ಮೆ.

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ, ಮಗಳು ನೆಲೆಸಿರುವ ದೊಡ್ಡ ಬಂದರು ಪಟ್ಟಣ ಪಿರೇಯಸ್‌ನಿಂದ ಫೋನು ಬಂತು. ಅನೆಜೀನಾಗೆ ಹೆಣ್ಣು ಮಗು. ಬಾಣಂತನಕ್ಕೆ ತಾಯಿ ಬೇಕು. ಅಂದರೆ ನಲವತ್ತು ದಿನ. ಅದು ಮುಗಿದು ಮಗುವನ್ನು ಚರ್ಚಿಗೆ ಕರೆದೊಯ್ದು ಆಶೀರ್ವಾದ ಮಾಡಿಸುವವರೆಗೂ ಅಜ್ಜಿ ಅಲ್ಲಾಡುವ ಹಾಗಿಲ್ಲ.

ಹೊರಡುವ ದಿನ ಸೆವಸ್ತಿ ಹೋಟೆಲಿನ ತುಂಬ ಚೀಟಿ ಅಂಟಿಸಿದಳು. ಒಲೆಯ ಮೇಲೆ, ಬಾಯ್ಲರಿನ ಮೇಲೆ, ಸಕ್ಕರೆ ಡಬ್ಬಿಯ ಮೇಲೆ “ಇದು ಸಕ್ಕರೆ” ಅಂತ. ಹಡಗು ಹತ್ತುವಾಗ ನನ್ನ ಕೈ ಹಿಡಿದು, “ಅವನು ಹಸಿವಿನಿಂದ ಸಾಯದ ಹಾಗೆ ನೋಡ್ಕೋ. ಹೋಟೆಲ್ ಹೇಗೂ ಸಾಯುತ್ತೆ, ಅದಕ್ಕೆ ನಾನು ಅತ್ತಾಗಿದೆ” ಅಂದಳು.

ಮೊದಲ ದಿನ ಸ್ಕೇವೊಸ್ ನಿಜಕ್ಕೂ ಎದ್ದು ಅಡುಗೆಮನೆಗೆ ಹೋದ. ಎರಡು ಮೊಟ್ಟೆ ಒಡೆದ, ಎರಡೂ ನೆಲದ ಮೇಲೆ. ಹೊರಗೆ ಬಂದು ಕೂತ. ತಿಂಡಿಗೆ ಕಾಯುತ್ತಿದ್ದವರಲ್ಲಿ, ಸೆವಸ್ತಿ ಹೊರಟ ಹಡಗಿನಿಂದಲೇ ಇಳಿದಿದ್ದ ಬೀರ್ಗಿಟೆ ಅನ್ನುವ ಡೆನ್ಮಾರ್ಕಿನ ಹೆಂಗಸಿದ್ದಳು. ಮೂವತ್ತು ವರ್ಷ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು, ನಮ್ಮ ಭಾಷೆಯನ್ನೂ ತಕ್ಕಮಟ್ಟಿಗೆ ಕಲಿತು ಬಂದಿದ್ದಳು. ಒಂದು ಗಂಟೆ ಕಾದಳು, ಎರಡು ಗಂಟೆ ಕಾದಳು. ಆಮೇಲೆ ಬಂದು, “ತಿಂಡಿ ಯಾವಾಗ?” ಅಂದಳು.

ಸ್ಕೇವೊಸ್ ಮಣಿಸರ ತಿರುಗಿಸುತ್ತ ಸಮುದ್ರ ನೋಡಿದ. “ಅಡುಗೆಮನೆ ಅಲ್ಲಿದೆ” ಅಂದ.

ಬೇರೆ ಯಾರಾದರೂ ಆಗಿದ್ದರೆ ಪೊಲೀಸಿಗೆ ಹೇಳುತ್ತಿದ್ದರು. ಬೀರ್ಗಿಟೆಯ ಮುಖ ಅರಳಿತು. ನಿವೃತ್ತಿಯಾದ ಮೇಲೆ ಯಾರೂ ಅವಳಿಗೊಂದು ಅಡುಗೆಮನೆಯನ್ನಾಗಲಿ ಒಂದು ಶಾಲೆಯನ್ನಾಗಲಿ ಒಪ್ಪಿಸಿರಲಿಲ್ಲ. ಸೆವಸ್ತಿಯ ಏಪ್ರನ್ ಕಟ್ಟಿಕೊಂಡಳು, ಚೀಟಿಗಳನ್ನೆಲ್ಲ ಓದಿದಳು, ಅರ್ಧ ಗಂಟೆಯಲ್ಲಿ ಒಂಬತ್ತು ಜನಕ್ಕೆ ತಿಂಡಿ ಮಾಡಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಒಂದು ವೇಳಾಪಟ್ಟಿ ಬಂತು. ಒಂದನೇ ಕೋಣೆಯವರು ಪಾತ್ರೆ, ಎರಡನೇ ಕೋಣೆಯವರು ಗುಡಿಸುವುದು, ಮೂರನೇ ಕೋಣೆಯ ಹೊಸ ಜೋಡಿ ಚಾದರ.

ಅವರು ಗೊಣಗುತ್ತಾರೆ ಅಂದುಕೊಂಡಿದ್ದೆ. ಗೊಣಗಲಿಲ್ಲ. ತಾರಸಿಯ ಮೇಲೆ ಒದ್ದೆ ಚಾದರ ಹಿಡಿದು ಫೋಟೋ ತೆಗೆಸಿಕೊಂಡರು. ತಮ್ಮ ಊರಿನಲ್ಲಿ ಯಂತ್ರಕ್ಕೆ ಬಟ್ಟೆ ಹಾಕಲೂ ಸೋಮಾರಿತನ ಪಡುವವರು ಇಲ್ಲಿ ಕೈಯಲ್ಲಿ ಒಗೆದು, “ಎಂಥ ನೆಮ್ಮದಿ” ಅಂದರು. ಇಂಟರ್ನೆಟ್ಟಿನಲ್ಲಿ ಹೋಟೆಲಿಗೆ ನಕ್ಷತ್ರಗಳು ಸುರಿದವು. ‘ನನ್ನ ಕೋಣೆ ನಾನೇ ಗುಡಿಸಿದೆ, ಬದುಕು ಬದಲಾಯಿತು’ ಅಂತ ಒಬ್ಬಳು ಬರೆದಿದ್ದಳು. ಸೆವಸ್ತಿ ಮೂವತ್ತಾರು ವರ್ಷ ಅದೇ ಕೋಣೆ ಗುಡಿಸಿದ್ದಳು. ಅವಳ ಬದುಕು ಏನೂ ಬದಲಾದ ಹಾಗೆ ನನಗೆ ಕಂಡಿರಲಿಲ್ಲ.

ಎರಡನೇ ವಾರ ಎತಿಯೆನ್ ಅನ್ನುವ ಬೆಲ್ಜಿಯಂನವನೊಬ್ಬ ಬಂದ. ದೊಡ್ಡ ದೊಡ್ಡ ಕಂಪನಿಗಳ ಅಧಿಕಾರಿಗಳಿಗೆ ಆಳುವುದು ಹೇಗೆ ಅಂತ ಪಾಠ ಹೇಳುವವನು. ಮೂರು ದಿನ ನನ್ನ ಅಂಗಡಿಯಲ್ಲಿ ಕೂತು ಸ್ಕೇವೊಸ್‌ನನ್ನೇ ನೋಡಿದ, ಪುಸ್ತಕದಲ್ಲಿ ಏನೇನೋ ಗೀಚಿಕೊಂಡ.

“ಇವರು ಒಂದು ಆಜ್ಞೆಯನ್ನೂ ಕೊಡಲ್ಲ,” ಅಂದ ನನಗೆ, ಪಿಸುಮಾತಿನಲ್ಲಿ. “ಆದರೂ ಎಲ್ಲ ನಡೀತಿದೆ. ಎಲ್ಲಿ ಕಲಿತರು ಇದನ್ನ?”

“ಹುಟ್ಟಾ ಬಂದದ್ದು ಸ್ವಾಮಿ,” ಅಂದೆ. “ಅವರಪ್ಪನೂ ಹೀಗೇ ಇದ್ದ.”

ಅದನ್ನೂ ಬರೆದುಕೊಂಡ.

ಸೆವಸ್ತಿ ದಿನಾ ಫೋನು ಮಾಡುತ್ತಿದ್ದಳು. ಸ್ಕೇವೊಸ್ “ಎಲ್ಲ ಸರಿಯಾಗಿದೆ” ಅನ್ನುತ್ತಿದ್ದ. ನನಗೂ ಮಾಡುತ್ತಿದ್ದಳು. “ಹೌದಮ್ಮ, ಸರಿಯಾಗಿದೆ” ಅನ್ನುತ್ತಿದ್ದೆ. “ನೀನೂ ಅವನ ಜೊತೆ ಸೇರಿ ಸುಳ್ಳು ಹೇಳೋಕೆ ಶುರು ಮಾಡಿದೆಯಾ?” ಅಂತ ಬೈದು ಇಟ್ಟುಬಿಡುತ್ತಿದ್ದಳು. ಬಂದಿದ್ದ ಜನ ಹೋದರು, ಹೊಸಬರು ಬಂದರು. ಬೀರ್ಗಿಟೆ ಮಾತ್ರ ಎರಡು ಸಲ ಟಿಕೆಟ್ ಮುಂದಕ್ಕೆ ಹಾಕಿಸಿ ಉಳಿದಳು. ಬಂದ ಹೊಸಬರಿಗೆಲ್ಲ ಕೆಲಸ ಹಂಚಬೇಕಿತ್ತಲ್ಲ.

ನಲವತ್ತೆರಡನೇ ದಿನ ಮಧ್ಯಾಹ್ನದ ಹಡಗಿನಲ್ಲಿ ಸೆವಸ್ತಿ ಇಳಿದಳು. ಹಾಳು ಬಿದ್ದ ಮನೆಗೆ ಬರುವವರ ಮುಖ ಹೊತ್ತು ಬಂದಳು. ನೋಡಿದರೆ ಕಿಟಕಿಯ ಗಾಜು ಹೊಳೆಯುತ್ತಿದೆ, ತುಳಸಿಯ ಕುಂಡಗಳಿಗೆ ನೀರು ಬಿದ್ದಿದೆ, ಇಬ್ಬರು ಗಂಡಸರು ಬಾಗಿಲಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾರೆ. ಕುರ್ಚಿಯಲ್ಲಿ ಸ್ಕೇವೊಸ್. ತುಸು ದಪ್ಪಗಾಗಿದ್ದಾನೆ.

ಅವನು ಬಾಯಿ ತೆರೆಯುವ ಮೊದಲೇ ಒಳಗಿಂದ ಏಪ್ರನ್ ಕಟ್ಟಿದ ಬೀರ್ಗಿಟೆ ಬಂದಳು. ಸೆವಸ್ತಿಯ ಕೈಯಲ್ಲಿದ್ದ ಪೆಟ್ಟಿಗೆ ನೋಡಿ ಸ್ಪಷ್ಟವಾಗಿ, ಶಾಲೆಯ ಉಚ್ಚಾರದಲ್ಲಿ ಕೇಳಿದಳು: “ಸ್ವಾಗತ. ತಾವು ಕೋಣೆ ಕಾಯ್ದಿರಿಸಿದ್ದೀರಾ?”

ನಾನು ಕಾಫಿ ತಟ್ಟೆ ಕೆಳಗಿಟ್ಟೆ. ಯುದ್ಧ ಆಗುತ್ತದೆ ಅಂದುಕೊಂಡೆ. ಸೆವಸ್ತಿ ಆ ಏಪ್ರನ್ ನೋಡಿದಳು, ಆಲೂಗಡ್ಡೆ ನೋಡಿದಳು, ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಹತ್ತಿರ ಹೋಗಿ ಓದಿದಳು. ತಾನಿಲ್ಲದೆ ಇದು ಮುರಿದು ಬೀಳುತ್ತದೆ ಅನ್ನುವ ಒಂದೇ ಮಾತಿನ ಮೇಲೆ ಅವಳು ಅಷ್ಟು ವರ್ಷ ನಿಂತಿದ್ದಳು. ಯಾರೋ ದಾರಿಹೋಕರು ಅದನ್ನು ರಜೆಯ ಆಟವಾಗಿ ಆಡಿ ಮುಗಿಸಿದ್ದರು.

“ಕಾಯ್ದಿರಿಸಿಲ್ಲ,” ಅಂದಳು ಕೊನೆಗೆ. “ಸಮುದ್ರ ಕಾಣೋ ಕೋಣೆ ಖಾಲಿ ಇದೆಯಾ? ಐದನೇದು.”

“ಇದೆ. ಎಷ್ಟು ದಿನಕ್ಕೆ?”

“ಏಳು.”

“ಸೆವಸ್ತಿ, ಏನೇ ಇದು!” ಅಂತ ಸ್ಕೇವೊಸ್ ಎದ್ದ.

“ಮ್ಯಾನೇಜರೇ, ಪೆಟ್ಟಿಗೆ ಮೇಲಕ್ಕೆ ತನ್ನಿ,” ಅಂದು ಅವಳು ಮೆಟ್ಟಿಲು ಹತ್ತಿದಳು. “ಮೂರನೇ ಮೆಟ್ಟಿಲು ಸಡಿಲ ಇದೆ, ನಿಧಾನ.”

ಆ ಐದನೇ ಕೋಣೆಯಲ್ಲೇ ಸೆವಸ್ತಿ ಹುಟ್ಟಿದ್ದು. ಹೋಟೆಲಾದ ಮೇಲೆ ಗಂಡಹೆಂಡತಿ ಹಿಂದುಗಡೆ ನೀರಿನ ತೊಟ್ಟಿಯ ಪಕ್ಕದ ಕತ್ತಲೆ ಕೋಣೆಗೆ ಹೋದರು. ಐದನೇ ಕೋಣೆಯ ಹಾಸಿಗೆಯನ್ನು ಸಾವಿರಾರು ಸಲ ಹಾಸಿದ್ದಾಳೆ, ಮಲಗಿದ್ದು ಆವತ್ತೇ. ಇದನ್ನು ಅವಳೇ ಬಾಲ್ಕನಿಯಿಂದ ಬಗ್ಗಿ ನನಗೆ ಹೇಳಿದಳು.

“ಯಾಕುಮಿ, ಇಲ್ಲಿಂದ ನಿನ್ನ ಅಂಗಡಿ ಮಾಡಿನ ಮೇಲಿನ ಕಸ ಎಲ್ಲಾ ಕಾಣುತ್ತೆ ಕಣೋ!”

“ಅತಿಥಿಗಳು ಸಮುದ್ರ ನೋಡಬೇಕಮ್ಮ,” ಅಂದೆ.

ಎರಡು ದಿನ ಮಜವಾಗಿಯೇ ನಡೆಯಿತು. ಮೂರನೇ ದಿನ ಬೀರ್ಗಿಟೆಯ ಟಿಕೆಟ್ಟನ್ನು ಇನ್ನೂ ಮುಂದಕ್ಕೆ ಹಾಕಲು ಆಗಲಿಲ್ಲ; ಅತ್ತು, ವೇಳಾಪಟ್ಟಿ ಬಿಚ್ಚಿ ಮಡಚಿಕೊಂಡು ಹೊರಟಳು. ಉಳಿದವರೂ ಅದೇ ಹಡಗಿಗೆ ಹೋದರು. ಅದರಿಂದಲೇ ಇಟಲಿಯ ಎರಡು ಸಂಸಾರ ಇಳಿದಿದ್ದವು. ಅವರಿಗೆ ಪಾತ್ರೆ ತೊಳೆದು ಬದುಕು ಬದಲಿಸಿಕೊಳ್ಳುವ ಆಸೆ ಇರಲಿಲ್ಲ. ಬೆಳಗ್ಗೆ ಎಂಟಕ್ಕೆ ಮೇಜಿನ ಸುತ್ತ ಕೂತು ಚಮಚ ಬಡಿದರು.

ಸ್ಕೇವೊಸ್ ಸಮುದ್ರ ನೋಡಿದ. “ಅಡುಗೆಮನೆ ಅಲ್ಲಿದೆ” ಅಂದ.

“ಗೊತ್ತಾಯ್ತು,” ಅಂದ ಇಟಲಿಯ ಹಿರಿಯ. “ನೀವೇ ಹೋಗಿ ಮತ್ತೆ.”

ಸ್ಕೇವೊಸ್ ಬಾಲ್ಕನಿಯ ಕೆಳಗೆ ಓಡಿ ಬಂದ. “ಸೆವಸ್ತಿ! ಇಳಿದು ಬಾರೇ, ಆಟ ಸಾಕು.”

“ನನ್ನ ಕಾಫಿ ಇನ್ನೂ ಬಂದಿಲ್ಲ,” ಅಂತ ಮೇಲಿನಿಂದ ಉತ್ತರ.

ಊರು ಎರಡಾಯಿತು. ಗಂಡಸರೆಲ್ಲ ನನ್ನ ಅಂಗಡಿಯಲ್ಲಿ ಸೇರಿ ಸ್ಕೇವೊಸ್‌ಗೆ ಅನ್ಯಾಯವಾಗಿದೆ ಅಂತ ತೀರ್ಮಾನಿಸಿದರು, ಆದರೆ ಒಬ್ಬರೂ ಎದ್ದು ಹೋಗಿ ಒಂದು ತಟ್ಟೆ ತೊಳೆಯಲಿಲ್ಲ. ಹೆಂಗಸರು ಸಂಜೆ ಬಂದರಿನ ದಂಡೆಯಲ್ಲಿ ಅಡ್ಡಾಡುವ ನೆಪದಲ್ಲಿ ಬಾಲ್ಕನಿ ನೋಡಿ ಹೋಗತೊಡಗಿದರು, ದೇವರ ಪಟ ನೋಡುವ ಹಾಗೆ. ನಾಲ್ಕನೇ ದಿನ ನಮ್ಮ ಪಾದ್ರಿಗಳು ಬುದ್ಧಿ ಹೇಳಲು ಮೇಲೆ ಹತ್ತಿದರು.

“ಮಗಳೇ, ಹೆಂಡತಿಗೆ ಒಂದು ಧರ್ಮ ಇದೆ.”

“ಫಾದರ್, ಅತಿಥಿಗೂ ಇದೆ,” ಅಂದಳಂತೆ. “ಕೂತ್ಕೊಳ್ಳಿ. ಈ ಗಾಳಿ ನೋಡಿ ಎಷ್ಟು ಚೆನ್ನಾಗಿದೆ.”

ಪಾದ್ರಿಗಳು ಒಂದು ಗಂಟೆ ಕೂತರು. ಕೆಳಗೆ ಬಂದು, “ಗಾಳಿ ನಿಜಕ್ಕೂ ಚೆನ್ನಾಗಿದೆ” ಅಂತಷ್ಟೇ ವರದಿ ಕೊಟ್ಟು ಹೋದರು.

ಸ್ಕೇವೊಸ್ ಆ ದಿನಗಳಲ್ಲಿ ಪಟ್ಟ ಪಾಡನ್ನು ನಾನು ಮರೆಯಲಾರೆ. ಚಾದರ ಒಗೆದರೆ ಸಾಬೂನು ಹೋಗುತ್ತಿರಲಿಲ್ಲ, ಒಣಗಿದ ಮೇಲೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬೆಳಗ್ಗೆ ನನ್ನ ಹತ್ತಿರ ಬಂದು ಗುಟ್ಟಾಗಿ, “ಮೊಟ್ಟೆ ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ ಮಾರಾಯ?” ಅಂತ ಕೇಳಿದ. ಅರವತ್ತೊಂಬತ್ತು ವರ್ಷದ ಗಂಡಸು. ನನಗೂ ಸರಿಯಾಗಿ ಗೊತ್ತಿರಲಿಲ್ಲ, ಇಬ್ಬರೂ ಸೇರಿ ಊಹಿಸಿದೆವು.

ಐದನೇ ದಿನ ಜಾಮು ಮುಗಿಯಿತು. ಹೊಸ ಜಾಡಿ ಎಲ್ಲಿದೆ ಅನ್ನುವುದು ಸೆವಸ್ತಿಗೆ ಮಾತ್ರ ಗೊತ್ತು. ಆ ಒಂದು ಚೀಟಿ ಬರೆಯಲು ಮರೆತಿದ್ದಳು. ಸ್ಕೇವೊಸ್ ಇವತ್ತು ಜಗಳವಾಡಿಯೇ ಬಿಡುತ್ತೇನೆ ಅಂತ ಮೇಲೆ ಹತ್ತಿ ಬಾಗಿಲು ತಳ್ಳಿದ. ಅವಳು ನಿದ್ದೆಹೋಗಿದ್ದಳು, ಬೆಳಗಿನ ಒಂಬತ್ತು ಗಂಟೆಗೆ, ಬಾಯಿ ತುಸು ತೆರೆದುಕೊಂಡು. ನೀರಿನ ಬೆಳಕು ಸೂರಿನ ಮೇಲೆ ಆಡುತ್ತಿತ್ತು. ಚಾದರದ ಹೊರಗೆ ಬಿದ್ದಿದ್ದ ಕೈಯ ಗೆಣ್ಣುಗಳು ಶುಂಠಿಯ ಹಾಗೆ ಗಂಟುಗಂಟಾಗಿದ್ದವು. ಸೂರ್ಯ ನೆತ್ತಿಗೇರುತ್ತಿರುವಾಗ ಅವಳು ಮಲಗಿದ್ದನ್ನು ತಾನು ಯಾವತ್ತೂ ನೋಡಿರಲಿಲ್ಲ ಅಂತ ಆಮೇಲೆ ನನಗೆ ಹೇಳಿದ. ಎಷ್ಟು ಹೊತ್ತು ನಿಂತಿದ್ದನೋ, ಕಿಟಕಿಯ ಬಾಗಿಲು ಸದ್ದಾಗದ ಹಾಗೆ ಮುಚ್ಚಿ ಕೆಳಗೆ ಬಂದ.

“ಜಾಮ್ ಎಲ್ಲಿ?” ಅಂದ ಇಟಲಿಯವನು.

“ಜಾಮ್ ಮಲಗಿದೆ,” ಅಂದ ಸ್ಕೇವೊಸ್. “ಯಾರೂ ಗಟ್ಟಿಯಾಗಿ ಮಾತಾಡಬೇಡಿ.”

ಆಮೇಲೆ ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಳೆದ. ಆವತ್ತು ಗೊಣಗಲಿಲ್ಲ.

ಎಂಟನೇ ದಿನ ಬೆಳಗ್ಗೆ ಐದಕ್ಕೆ ಸೆವಸ್ತಿ ಇಳಿದು ಬಂದಳು. ಅತಿಥಿಗಳು ಬರೆಯುವ ಪುಸ್ತಕದಲ್ಲಿ ಒಂದು ಸಾಲು ಬರೆದಳು: ‘ಸ್ಥಳ ಚೆನ್ನಾಗಿದೆ. ಕಾಫಿ ಬರೀ ನೀರು. ಮ್ಯಾನೇಜರು ಕಲಿಯುತ್ತಿದ್ದಾರೆ.’ ಆಮೇಲೆ ಅವನು ಒಗೆದ ಚಾದರಗಳನ್ನೆಲ್ಲ ತಂದು ಮತ್ತೆ ನೀರಿಗೆ ಹಾಕಿದಳು.

ಸ್ಕೇವೊಸ್ ಪೂರ್ತಿ ಬದಲಾದ ಅಂತ ಹೇಳಿದರೆ ಊರಿನವರು ನನ್ನ ಅಂಗಡಿಗೆ ಬರುವುದನ್ನೇ ಬಿಟ್ಟಾರು. ಈಗ ಬೆಳಗಿನ ಕಾಫಿ ಅವನದು, ಪೆಟ್ಟಿಗೆ ಹೊರುವುದು ಅವನದು. ಒಂದು ಪೆಟ್ಟಿಗೆ ಮೇಲೆ ತಲುಪಿಸಿದರೆ ಮೂರು ಜನಕ್ಕೆ ಹೇಳುತ್ತಾನೆ, ನಡು ಹಿಡಿದು ತೋರಿಸುತ್ತಾನೆ. ಮಿಕ್ಕ ಹೊತ್ತು ಕುರ್ಚಿ. ಸೆವಸ್ತಿಯ ದಿನ ಐದರ ಬದಲು ಆರಕ್ಕೆ ಶುರುವಾಗುತ್ತದೆ. ಆ ಒಂದು ಗಂಟೆಗೆ ಮೂವತ್ತಾರು ವರ್ಷ ಹಿಡಿಯಿತು.

ಎತಿಯೆನ್ ಈ ವಸಂತದಲ್ಲಿ ಆರು ಮಂದಿ ಅಧಿಕಾರಿಗಳನ್ನು ಕಟ್ಟಿಕೊಂಡು ಬಂದ, ಗುರುಗಳ ದರ್ಶನಕ್ಕೆ. ಏನೂ ಮಾಡದೆ ಎಲ್ಲ ನಡೆಸುವ ಗುಟ್ಟು ಕಲಿಯಬೇಕಂತೆ. ಸೆವಸ್ತಿ ಅವರ ಕೈಗೆ ಒಂದೊಂದು ಬ್ರಷ್ಷು ಕೊಟ್ಟು ನೀರಿನ ತೊಟ್ಟಿಗೆ ಸುಣ್ಣ ಹೊಡೆಸಿದಳು. “ಇದು ಮೊದಲನೇ ಪಾಠ,” ಅಂದಳು. ಮೂರು ದಿನ ಹೊಡೆದರು. ಹೋಗುವಾಗ ಅವಳ ಕೈಗೆ ಮುತ್ತಿಟ್ಟು ಹೋದರು.

ಇನ್ನೊಂದು ಸಂಗತಿ ಹೇಳಬೇಕು, ಹೇಳಲು ಮನಸ್ಸಿಲ್ಲ. ಮೊನ್ನೆ ಸೋಮವಾರ ನನ್ನ ಹೆಂಡತಿ ಕಲ್ಲಿಯೋಪಿ ತಲೆ ಬಾಚಿಕೊಂಡು, ಒಂದು ಸಣ್ಣ ಪೆಟ್ಟಿಗೆ ಹಿಡಿದು ಅಂಗಡಿಯ ಮುಂದಿನಿಂದ ಹೋದಳು. ಪಿರೇಯಸ್‌ಗೆ ಹೊರಟಳೇನೋ ಅಂದುಕೊಂಡೆ. ಇಪ್ಪತ್ತು ಹೆಜ್ಜೆ ನಡೆದು ಹೋಟೆಲ್ ಸ್ಕೇವೊಸ್‌ನ ಬಾಗಿಲಿಗೆ ತಿರುಗಿದಳು. ಸೆವಸ್ತಿ ಹೊರಗೆ ಬಂದು ನನ್ನ ಕಡೆ ನೋಡುತ್ತಲೇ ಕೇಳಿದಳು: “ಕೋಣೆ ಕಾಯ್ದಿರಿಸಿದ್ದೀರಾ ಅಮ್ಮ?”

“ಏಳು ದಿನಕ್ಕೆ,” ಅಂದಳು ನನ್ನ ಹೆಂಡತಿ.